‘ರೋಬೋಟು’: ಲಕ್ಷಣವಿಚಾರವೂ ಕರ್ತೃತ್ವವಿಚಾರವೂ

ಇತ್ತೀಚಿನ ವರ್ಷಗಳಲ್ಲಿ ಕನ್ನಡ ಪತ್ರಿಕೆಗಳಲ್ಲಿಯೂ ಪಠ್ಯಪುಸ್ತಕಗಳಲ್ಲಿಯೂ ‘ರೋಬೋಟು’ ಎಂಬ ಶಬ್ದವು ಎಡೆಬಿಡದೆ ಪ್ರಯೋಗವಾಗುತ್ತಿರುವುದು ವಾಚಕರಿಗೆ ತಿಳಿದೇ ಇರುವುದು. ಅದರ ಬೆನ್ನಿಗೆ ಧರ್ಮಾಧರ್ಮಗಳ ಚರ್ಚೆಯೂ ಬೆಳೆದಿದೆ. ಯಂತ್ರವು ಮನುಷ್ಯನನ್ನು ಕೊಂದರೆ ಕೊಂದವರಾರು, ಯಂತ್ರಕ್ಕೆ ಹಕ್ಕುಬಾಧ್ಯತೆಗಳುಂಟೆ, ಮುಪ್ಪಿನವರ ಶುಶ್ರೂಷೆಯನ್ನು ಯಂತ್ರಕ್ಕೆ ಒಪ್ಪಿಸಬಹುದೆ ಎಂಬಿವೇ ಮೊದಲಾದ ಪ್ರಶ್ನೆಗಳನ್ನು ಪಾಶ್ಚಾತ್ಯ ವಿದ್ವಾಂಸರು ಎತ್ತಿರುವರು. ಇಟಲಿಯ ಸಾನ್ ರೆಮೊ ಪಟ್ಟಣದಲ್ಲಿ ೨೦೦೪ರ ಜನವರಿಯಲ್ಲಿ ಇದಕ್ಕಾಗಿಯೇ ಒಂದು ಗೋಷ್ಠಿಯು ಸೇರಿ, ಈ ವಿಚಾರಕ್ಕೆ ‘ರೋಬೋಎಥಿಕ್ಸ್’ ಎಂಬ ಪ್ರತ್ಯೇಕ ಹೆಸರು ರೂಢಿಗೆ ಬಂದಿತು. ಈ ಲೇಖಕನು ಯಂತ್ರಶಾಸ್ತ್ರವನ್ನು ಓದಿದವನಲ್ಲ. ಪಾಠಶಾಲೆಯಲ್ಲಿ ವ್ಯಾಕರಣತರ್ಕಗಳನ್ನು ಓದಿ ಅವನ್ನೇ ಪಾಠ ಹೇಳುತ್ತ ಬಂದವನು. ಆದರೂ ಈ ಚರ್ಚೆಯಲ್ಲಿ ಪ್ರವೇಶಿಸುವುದಕ್ಕೆ ಒಂದು ಕಾರಣವುಂಟು. ಯಂತ್ರಜ್ಞರೂ ನ್ಯಾಯವಾದಿಗಳೂ ಎಲ್ಲಿ ತೊಡಕಿಕೊಂಡಿರುವರೋ ಆ ಸ್ಥಾನವು ವಾಸ್ತವವಾಗಿ ನಮಗೆ ಚಿರಪರಿಚಿತವಾದ ಕಾರಕಪ್ರಕರಣದ ಸ್ಥಾನವೇ ಆಗಿರುವುದು. ಯಾವುದು ಕರ್ತೃ, ಯಾವುದು ಕರಣ, ಯಾರು ಪ್ರಯೋಜಕ ಎಂಬುದನ್ನು ಬಿಡಿಸಿದರೆ ತೊಡಕಿನ ಬಹುಭಾಗವು ಬಿಚ್ಚಿಕೊಳ್ಳುವುದೆಂದು ನಮ್ಮ ಅಭಿಪ್ರಾಯ.

ಮೊದಲು ಶಬ್ದದ ನಿಷ್ಪತ್ತಿಯನ್ನು ನೋಡೋಣ. ಇದು ಇಂಗ್ಲಿಷಿನಲ್ಲಿ ಹುಟ್ಟಿದ ಮಾತಲ್ಲ. ಚೆಕ್ ಸಾಹಿತಿಯಾದ ಕಾರೆಲ್ ಚಾಪೆಕನು ೧೯೨೦ರಲ್ಲಿ ಪ್ರಕಟಿಸಿದ ‘ಆರ್. ಯು. ಆರ್.’ ಎಂಬ ನಾಟಕದಲ್ಲಿ ಇದು ಮೊದಲು ಕಾಣಿಸಿಕೊಂಡಿತು. ಆ ನಾಟಕವು ೧೯೨೧ನೆಯ ಜನವರಿ ೨೫ರಂದು ಪ್ರಾಗ್ ನಗರದ ರಾಷ್ಟ್ರೀಯ ನಾಟಕಶಾಲೆಯಲ್ಲಿ ಪ್ರಯೋಗವಾಯಿತು. ತಾನು ಕಲ್ಪಿಸಿದ ಕೃತಕ ಕೆಲಸಗಾರರಿಗೆ ಚಾಪೆಕನು ಮೊದಲು ಲ್ಯಾಟಿನ್ ಮೂಲದಿಂದ ‘ಲಾಬೊರಿ’ ಎಂಬ ಹೆಸರನ್ನು ಯೋಚಿಸಿದ್ದನು. ಅದು ಪುಸ್ತಕದ ವಾಸನೆಯ ಮಾತಾಗಿ ತೋರಿದುದರಿಂದ ಚಿತ್ರಕಾರನಾದ ಅಣ್ಣ ಯೋಸೆಫನನ್ನು ಕೇಳಲು, ಅವನು ‘ರೋಬೋಟಿ’ ಎಂಬುದನ್ನು ಸೂಚಿಸಿದನು. ಈ ಸಂಗತಿಯನ್ನು ಕಾರೆಲನೇ ೧೯೩೩ರಲ್ಲಿ ಪತ್ರಿಕೆಯೊಂದರಲ್ಲಿ ಬರೆದು ತಿಳಿಸಿರುವನು. ಚೆಕ್ ಭಾಷೆಯಲ್ಲಿ ‘ರೋಬೋಟ’ ಎಂದರೆ ಒಕ್ಕಲು ಮಗನು ತನ್ನ ಒಡೆಯನಿಗೆ ವಾರದಲ್ಲಿ ಇಂತಿಷ್ಟು ದಿನವೆಂದು ಕೂಲಿಯಿಲ್ಲದೆ ಮಾಡಿಕೊಡಬೇಕಾಗಿದ್ದ ಬಲವಂತದ ದುಡಿಮೆ. ಆಸ್ಟ್ರಿಯಾ ಸಾಮ್ರಾಜ್ಯದಲ್ಲಿ ಈ ಪದ್ಧತಿಯು ೧೮೪೮ರಲ್ಲಿ ರದ್ದಾಯಿತು. ಹೆಸರನ್ನು ಕೊಟ್ಟ ಯೋಸೆಫನು ಮುಂದೆ ನಾಜಿಗಳ ಸೆರೆಯಲ್ಲಿ ಸಿಕ್ಕಿ ೧೯೪೫ರಲ್ಲಿ ಬೆರ್ಗೆನ್-ಬೆಲ್ಸೆನ್ ಶಿಬಿರದಲ್ಲಿ ಮಡಿದನು.

ಚೆಕ್ಕರ ‘ರೋಬೋಟ’ಕ್ಕೆ ಸರಿದೊರೆಯಾದ ಶಬ್ದವು ನಮ್ಮಲ್ಲಿಯೂ ಇದೆ. ಅದೇ ಸಂಸ್ಕೃತದ ‘ವಿಷ್ಟಿ’. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಇದು ಬರುವುದು. ದಾನಶಾಸನಗಳಲ್ಲಿಯೂ ವಿಷ್ಟಿಯ ಪ್ರಸ್ತಾಪವು ಪದೇ ಪದೇ ಬರುವುದು. ಇದರ ತದ್ಭವವೇ ಕನ್ನಡದ ‘ಬಿಟ್ಟಿ’. ಕನ್ನಡ ಶಾಸನಗಳು ತೆರಿಗೆಗಳನ್ನು ಎಣಿಸುವಲ್ಲಿ ಬಿಟ್ಟಿಯನ್ನು ಹೆಸರಿಸುವುವು. ‘ಬಿಟ್ಟಿ ಬೇಗಾರಿ’ ಎಂಬ ಜೋಡುನುಡಿಯು ಇಂದಿಗೂ ಬಳಕೆಯಲ್ಲಿದೆ. ಆದರೆ ಈ ಶಬ್ದದ ಅರ್ಥಪರಿಣಾಮವು ಗಮನಾರ್ಹವಾದುದು. ಈಗ ಬಿಟ್ಟಿ ಎಂದರೆ ‘ದುಡ್ಡು ಕೊಡದೆ ಸಿಕ್ಕಿದ್ದು’ ಎಂದಷ್ಟೇ ಸಾಮಾನ್ಯ ಜನರ ಮನಸ್ಸಿಗೆ ಬರುವುದು. ದುಡಿದವನ ಬೆನ್ನುನೋವು ಅರ್ಥದಿಂದ ಜಾರಿಹೋಗಿ, ಪಡೆದವನ ಲಾಭ ಮಾತ್ರ ಉಳಿದುಕೊಂಡಿತು. ರೋಬೋಟೆಂಬ ಕಲ್ಪನೆಯಲ್ಲಿಯೂ ಇದೇ ಆಗಿರುವುದು: ದುಡಿಮೆ ಉಂಟು, ದುಡಿಯುವವನಿಲ್ಲ. ಶಬ್ದಾರ್ಥವು ಶತಮಾನಗಳಲ್ಲಿ ಸವೆದು ಮುಟ್ಟಿದ ಸ್ಥಳವನ್ನು ಯಂತ್ರವು ಒಮ್ಮೆಗೇ ಮುಟ್ಟಿತು.

ಇನ್ನು ಲಕ್ಷಣ. ಅವ್ಯಾಪ್ತಿ, ಅತಿವ್ಯಾಪ್ತಿ, ಅಸಂಭವ ಎಂಬ ಮೂರು ದೋಷಗಳಿಲ್ಲದುದು ಲಕ್ಷಣವೆಂದು ತಾರ್ಕಿಕರ ಮತ. ಕನ್ನಡದಲ್ಲಿ ರೂಢವಾಗಿರುವ ‘ಯಂತ್ರಮಾನವ’ ಎಂಬ ಹೆಸರನ್ನೇ ಲಕ್ಷಣವೆಂದು ಹಿಡಿದರೆ ಅವ್ಯಾಪ್ತಿಯು ಮೊದಲ ಹೆಜ್ಜೆಯಲ್ಲಿಯೇ ಬರುವುದು. ಕಾರ್ಖಾನೆಗಳಲ್ಲಿ ದುಡಿಯುತ್ತಿರುವ ರೋಬೋಟುಗಳಲ್ಲಿ ಬಹುಪಾಲಿಗೆ ಮುಖವಿಲ್ಲ, ಕಾಲಿಲ್ಲ. ಪೀಠದ ಮೇಲೆ ನಿಲ್ಲಿಸಿದ ಒಂದು ತೋಳು ಮಾತ್ರ ಇರುವುದು. ಜಾರ್ಜ್ ಡೆವಾಲ್ ಎಂಬಾತನು ೧೯೫೪ರಲ್ಲಿ ಹಕ್ಕುಪತ್ರಕ್ಕೆ ಅರ್ಜಿಯಿಟ್ಟು, ಜೋಸೆಫ್ ಎಂಗೆಲ್‌ಬರ್ಗರನೊಡನೆ ಕೂಡಿ ಸಿದ್ಧಪಡಿಸಿದ ‘ಯೂನಿಮೇಟ್’ ಎಂಬ ಯಂತ್ರವು ೧೯೬೧ರಲ್ಲಿ ನ್ಯೂಜೆರ್ಸಿಯ ಜನರಲ್ ಮೋಟರ್ಸ್ ಕಾರ್ಖಾನೆಯಲ್ಲಿ ಕೆಲಸಕ್ಕೆ ನಿಂತಿತು. ಅಚ್ಚಿನಿಂದ ಹೊರಬಂದ ಕಾದ ಲೋಹದ ಎರಕಗಳನ್ನು ಎತ್ತಿಡುವುದು ಅದರ ಕೆಲಸ. ಕಾರ್ಖಾನೆಯ ರೋಬೋಟುಗಳಲ್ಲಿ ಇದೇ ಮೊದಲನೆಯದೆಂದು ಎಲ್ಲರೂ ಹೇಳುವರು. ಅದಕ್ಕೆ ಮನುಷ್ಯಾಕಾರವು ಲವಲೇಶವೂ ಇರಲಿಲ್ಲ. ವಿಚಿತ್ರವೇನೆಂದರೆ, ಚಾಪೆಕನ ನಾಟಕದ ರೋಬೋಟುಗಳಾದರೋ ಲೋಹದವೇ ಅಲ್ಲ. ಜೀವಧಾತುವನ್ನು ಹೋಲುವ ಕೃತಕ ದ್ರವ್ಯದಿಂದ ಮಾಡಿದ, ನೋಟಕ್ಕೆ ಮನುಷ್ಯರೇ ಆಗಿರುವ ಪಾತ್ರಗಳವು. ಹೀಗೆ ಮೊದಲ ರೋಬೋಟು ಯಂತ್ರವಲ್ಲದ ಮಾನವ, ಕಾರ್ಖಾನೆಯ ರೋಬೋಟು ಮಾನವನಲ್ಲದ ಯಂತ್ರ. ‘ಯಂತ್ರಮಾನವ’ ಎಂಬ ಸಮಾಸವು ಎರಡಕ್ಕೂ ಸರಿಹೊಂದದು.

ಹೊರಗಿನ ಪರಿಸ್ಥಿತಿಯನ್ನು ಗ್ರಹಿಸಿ, ವಿವೇಚಿಸಿ, ತದನುಸಾರವಾಗಿ ಚಲಿಸುವ ಯಂತ್ರವೇ ರೋಬೋಟೆಂದು ಕೆಲವರು ಹೇಳುವರು. ಈ ಲಕ್ಷಣವು ಯೂನಿಮೇಟಿನಲ್ಲಿಯೇ ಸೇರುವುದಿಲ್ಲ. ಅದಕ್ಕೆ ಕಣ್ಣೂ ಇರಲಿಲ್ಲ, ಸ್ಪರ್ಶಜ್ಞಾನವೂ ಇರಲಿಲ್ಲ. ಒಮ್ಮೆ ಕಲಿಸಿದ ಚಲನಕ್ರಮವನ್ನು ತಿರುತಿರುಗಿ ಒಪ್ಪಿಸುತ್ತಿತ್ತು. ಅಂತರರಾಷ್ಟ್ರೀಯ ಮಾನಕ ಸಂಸ್ಥೆಯು ತನ್ನ ೮೩೭೩ನೆಯ ಮಾನಕದ ೨೦೨೧ರ ಪರಿಷ್ಕರಣದಲ್ಲಿ ಹೇಳಿರುವ ಲಕ್ಷಣದ ತಾತ್ಪರ್ಯವು ಹೀಗಿದೆ: ಪ್ರೋಗ್ರಾಮು ಎಂಬ ಕ್ರಮವಿಧಿಯನ್ನು ಅಳವಡಿಸಿದ, ಚಾಲಕಶಕ್ತಿಯುಳ್ಳ, ತಕ್ಕಮಟ್ಟಿನ ಸ್ವಾಯತ್ತತೆಯಿಂದ ಸಂಚಾರವನ್ನೋ ವಸ್ತುಗಳ ನಿರ್ವಹಣವನ್ನೋ ಸ್ಥಾಪನವನ್ನೋ ಮಾಡುವ ಯಂತ್ರರಚನೆ. ಬಹು ಎಚ್ಚರದಿಂದ ಕಟ್ಟಿದ ವಾಕ್ಯವಿದೆಂಬುದರಲ್ಲಿ ಸಂದೇಹವಿಲ್ಲ. ಆದರೂ ‘ತಕ್ಕಮಟ್ಟಿನ’ ಎಂಬ ವಿಶೇಷಣವು ತಾರ್ಕಿಕನ ಕಣ್ಣಿಗೆ ಚುಚ್ಚುವುದು. ಎಷ್ಟಿದ್ದರೆ ತಕ್ಕಮಟ್ಟಿನದು? ಮಾಳಿಗೆಯಿಂದ ಮಾಳಿಗೆಗೆ ತಾನಾಗಿ ಏರಿಳಿದು ಸರಿಯಾದ ಬಾಗಿಲಲ್ಲಿ ನಿಲ್ಲುವ ಲಿಫ್ಟಿನಲ್ಲಿಯೂ ತಕ್ಕಮಟ್ಟಿನ ಸ್ವಾಯತ್ತತೆಯುಂಟು; ಅದು ಅತಿವ್ಯಾಪ್ತಿ. ಅಮೆರಿಕೆಯಲ್ಲಿ ೨೦೦೦ರಲ್ಲಿ ಅನುಮತಿ ಪಡೆದ ‘ಡ ವಿಂಚಿ’ ಎಂಬ ಶಸ್ತ್ರವೈದ್ಯದ ಯಂತ್ರವನ್ನು ಲೋಕವು ರೋಬೋಟೆಂದೇ ಕರೆಯುವುದು; ಅದರ ಕೈಗಳು ಆಡುವುದಾದರೋ ಎದುರಿನ ಪೀಠದಲ್ಲಿ ಕುಳಿತ ವೈದ್ಯನ ಕೈಗಳು ಆಡಿದಂತೆ. ಸ್ವಾಯತ್ತತೆಯನ್ನು ಕಟ್ಟುನಿಟ್ಟಾಗಿ ಕೇಳಿದರೆ ಅಲ್ಲಿ ಅವ್ಯಾಪ್ತಿ.

ಹೀಗೆ ಒಂದನ್ನು ಮುಚ್ಚಿದರೆ ಮತ್ತೊಂದು ತೆರೆದುಕೊಳ್ಳುತ್ತ ಹೋಗುವುದಕ್ಕೆ ಕಾರಣವಿದೆ. ರೋಬೋಟುತನವೆಂಬುದು ಗೋತ್ವಾದಿಗಳಂತೆ ಜಾತಿಯಲ್ಲ, ಉಪಾಧಿ. ಪಾಚಕತ್ವವು ಹೇಗೆ ಪಾಕಕ್ರಿಯೆಯ ಸಂಬಂಧದಿಂದ ಬಂದುದೋ ಹಾಗೆ ಇದೂ ಒಂದು ಸಂಬಂಧದಿಂದ ಬಂದುದು. ಆ ಸಂಬಂಧವನ್ನು ಹೀಗೆ ಹೇಳಬಹುದು: ಮನುಷ್ಯನು ತಾನು ಮಾಡಬೇಕಾಗಿದ್ದ ಕೆಲಸವನ್ನು ಯಾವ ಯಂತ್ರಕ್ಕೆ ಒಪ್ಪಿಸಿ, ಅದು ಕೆಲಸ ಮಾಡುತ್ತಿರುವಾಗ ತನ್ನ ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳುವನೋ ಅದು ರೋಬೋಟು. ಒಪ್ಪಿಸುವುದು, ಕೈತೆಗೆಯುವುದು ಎಂಬ ಎರಡು ಅಂಶಗಳೂ ಇಲ್ಲಿ ಬೇಕು. ಡ ವಿಂಚಿಯಲ್ಲಿ ಎರಡನೆಯದಿಲ್ಲ. ಆದುದರಿಂದ ಅಲ್ಲಿ ಪ್ರಯೋಗವು ಗೌಣ. ಲಿಫ್ಟಿನಲ್ಲಿ ಎರಡೂ ಇವೆಯಲ್ಲವೆ ಎಂದು ಕೇಳಿದರೆ ಇಷ್ಟಾಪತ್ತಿಯೆಂದೇ ಹೇಳುವೆವು; ಅದನ್ನು ನಡೆಸುತ್ತಿದ್ದವನು ಕೈತೆಗೆದ ದಿನದಿಂದ ಧರ್ಮಪ್ರಶ್ನೆಯು ಅಲ್ಲಿಯೂ ಹುಟ್ಟಿಕೊಂಡಿತು. ಹೀಗೆ ಲಕ್ಷಣವನ್ನು ಹೇಳುವುದರಿಂದ ಒಂದು ಪ್ರಯೋಜನವುಂಟು. ಒಪ್ಪಿಸಿದವನೊಬ್ಬನಿರುವನೆಂಬುದು ಲಕ್ಷಣದೊಳಗೇ ನೆಲೆಗೊಳ್ಳುವುದು. ಅವನನ್ನು ಮರೆತು ರೋಬೋಟಿನ ಮಾತನ್ನು ಆಡಲಾಗದು.

ನಮ್ಮ ಗ್ರಂಥಗಳಲ್ಲಿ ಈ ವಿಚಾರವಿದೆಯೆ ಎಂದು ಕೇಳುವವರುಂಟು. ಇದೆ, ಆದರೆ ಅಷ್ಟರಿಂದಲೇ ನಮ್ಮ ಪೂರ್ವಿಕರು ರೋಬೋಟುಗಳನ್ನು ಮಾಡಿಟ್ಟುಕೊಂಡಿದ್ದರೆಂದು ಸಾರುವುದು ಸಾಹಸವಷ್ಟೇ ಅಲ್ಲ, ಗ್ರಂಥಗಳಿಗೂ ಅಪಚಾರ. ಧಾರಾನಗರದ ಭೋಜರಾಜನ ಹೆಸರಿನಲ್ಲಿರುವ, ಹನ್ನೊಂದನೆಯ ಶತಮಾನದ ‘ಸಮರಾಂಗಣಸೂತ್ರಧಾರ’ದ ಮೂವತ್ತೊಂದನೆಯ ಅಧ್ಯಾಯದಲ್ಲಿ ಯಂತ್ರಗಳ ನಿರೂಪಣವಿದೆ. ತಮ್ಮಿಚ್ಛೆಯಂತೆ ಹರಿದಾಡುವ ಭೂತಗಳನ್ನು ಅಡಗಿಸಿ ನಿಯಮದಲ್ಲಿ ನಡೆಸುವುದರಿಂದ ಯಂತ್ರವೆಂಬ ಹೆಸರು ಬಂದಿತೆಂದು ಅಲ್ಲಿ ಹೇಳಿದೆ. ಬಾಗಿಲು ಕಾಯುವ ಮರದ ಪುರುಷನೇ ಮೊದಲಾದ ಬೊಂಬೆಗಳ ವರ್ಣನೆಯೂ ಉಂಟು. ನಮ್ಮ ಪ್ರಕೃತಕ್ಕೆ ಬೇಕಾದುದು ಅದರಲ್ಲಿರುವ ವಿಭಾಗ: ತಾನಾಗಿಯೇ ನಡೆಯುವುದು, ಒಮ್ಮೆ ಪ್ರೇರಿಸಿದರೆ ಸಾಕಾಗುವುದು, ಮರೆಯಲ್ಲಿ ನಿಂತವನು ನಡೆಸುವುದು, ಹತ್ತಿರದಲ್ಲಿದ್ದವನು ನಡೆಸುವುದು ಎಂದು ನಾಲ್ಕು ಬಗೆ, ಇವುಗಳಲ್ಲಿ ಮೊದಲನೆಯದೇ ಉತ್ಕೃಷ್ಟ. ಇಂದಿನವರು ಸ್ವಾಯತ್ತತೆಯ ಮಟ್ಟಗಳೆಂದು ಹೇಳುವುದನ್ನು ಇಲ್ಲಿ ನಡೆಸುವವನ ದೂರಸಾಮೀಪ್ಯಗಳಿಂದ ಅಳೆದಿದೆ. ಅಂದರೆ ಯಂತ್ರದ ಹೆಚ್ಚುಗಾರಿಕೆಯನ್ನು ನಿಶ್ಚಯಿಸುವಾಗಲೂ ಗ್ರಂಥಕಾರನ ದೃಷ್ಟಿಯು ಮನುಷ್ಯನ ಮೇಲೆಯೇ ಇರುವುದು.

ಸೋಮದೇವನ ‘ಕಥಾಸರಿತ್ಸಾಗರ’ದಲ್ಲಿ ಬರುವ ಕಥೆಯೊಂದು ಇದಕ್ಕಿಂತಲೂ ಉಪಯುಕ್ತವಾದುದು. ಕಾಂಚೀನಗರದಲ್ಲಿ ಪ್ರಾಣಧರ, ರಾಜ್ಯಧರ ಎಂಬ ಬಡಗಿ ಸೋದರರಿದ್ದರು. ಹಿರಿಯನು ವೇಶ್ಯಾವ್ಯಸನದಿಂದ ಹಣವನ್ನೆಲ್ಲ ಕಳೆದುಕೊಂಡು, ದಾರದಿಂದ ಆಡಿಸುವ ಎರಡು ಯಂತ್ರಹಂಸಗಳನ್ನು ಮಾಡಿದನು. ಅವು ಇರುಳಿನಲ್ಲಿ ಕಿಟಕಿಯ ಮೂಲಕ ಅರಸನ ಭಂಡಾರವನ್ನು ಹೊಕ್ಕು ರತ್ನಾಭರಣಗಳನ್ನು ಕೊಕ್ಕಿನಲ್ಲಿ ಕಚ್ಚಿ ತರುತ್ತಿದ್ದುವು. ಕಡೆಗೊಮ್ಮೆ ಕಾವಲಿನವರು ಹಂಸಗಳನ್ನು ಹಿಡಿದರು. ದಾರವು ಸಡಿಲವಾದುದನ್ನು ಕಂಡೊಡನೆಯೇ ಸೋದರರಿಬ್ಬರೂ ಊರು ಬಿಟ್ಟು ಓಡಿದರು. ಭಂಡಾರದಲ್ಲಿ ಕಾಲಿಡದವರು ಏಕೆ ಓಡಬೇಕಾಗಿತ್ತು? ಕದ್ದುದು ಹಂಸಗಳಲ್ಲವೆ? ಈ ಪ್ರಶ್ನೆಯನ್ನು ಕಥೆಗಾರನು ಎತ್ತುವುದಿಲ್ಲ. ಎತ್ತುವ ಅವಶ್ಯಕತೆಯೂ ಅವನಿಗೆ ತೋರಲಿಲ್ಲ. ದಾರದ ತುದಿಯಲ್ಲಿರುವವನೇ ಕಳ್ಳನೆಂಬುದು ಓಡಿದವರಿಗೂ ಗೊತ್ತಿತ್ತು. ಇಂದಿನ ತೊಡಕೆಲ್ಲವೂ ದಾರವು ಕಣ್ಣಿಗೆ ಕಾಣದೆ ಹೋದುದರಿಂದ ಹುಟ್ಟಿದುದು.

ಇನ್ನು ಕಾರಕವಿಚಾರ. ಕ್ರಿಯೆಯಲ್ಲಿ ಸ್ವಾತಂತ್ರ್ಯವುಳ್ಳದ್ದನ್ನು ಕರ್ತೃವೆಂದೂ ಕ್ರಿಯಾಸಿದ್ಧಿಗೆ ಅತ್ಯಂತ ಸಾಧಕವಾದುದನ್ನು ಕರಣವೆಂದೂ ಪಾಣಿನಿಯು ಹೇಳಿರುವನು. ಒಬ್ಬನಿಂದ ಮತ್ತೊಬ್ಬನು ಕೆಲಸ ಮಾಡಿಸಿದರೆ ಮಾಡಿಸಿದವನು ಪ್ರಯೋಜಕನಾಗಿ, ಅವನೂ ಕರ್ತೃವೇ ಆಗುವನು. ಇದಿಷ್ಟು ಪ್ರಸಿದ್ಧವಾದುದು. ಇದರೊಡನೆ ವೈಯಾಕರಣರು ಮತ್ತೊಂದನ್ನೂ ಒಪ್ಪಿರುವರು: ಕಾರಕವು ವಿವಕ್ಷೆಗೆ ಅಧೀನ. ‘ಕತ್ತಿಯಿಂದ ಕಡಿಯುವನು’ ಎನ್ನುವಲ್ಲಿ ಕರಣವಾದ ಕತ್ತಿಯೇ ‘ಕತ್ತಿಯು ಚೆನ್ನಾಗಿ ಕಡಿಯುವುದು’ ಎನ್ನುವಲ್ಲಿ ಕರ್ತೃವಾಗುವುದು. ಮಾತಿನಲ್ಲಿ ಇದು ಸಾಧು. ಕತ್ತಿಯ ಹರಿತವನ್ನು ಹೊಗಳುವುದಕ್ಕಾಗಿ ಹೇಳಿದ್ದು. ಆದರೆ ಕೊಲೆಯ ವಿಚಾರಣೆಯಲ್ಲಿ ಯಾರೂ ಈ ವಾಕ್ಯವನ್ನು ತಂದು ಕತ್ತಿಯನ್ನು ಸೆರೆಗೆ ಹಾಕುವುದಿಲ್ಲ. ವಿವಕ್ಷೆಯಿಂದ ಕರ್ತೃತ್ವವು ಬರಬಹುದು, ದೋಷಭಾಗಿತ್ವವು ಬಾರದು. ‘ರೋಬೋಟು ಮನುಷ್ಯನನ್ನು ಕೊಂದಿತು’ ಎಂಬ ಪತ್ರಿಕಾವಾಕ್ಯವನ್ನು ಓದುವಾಗ ಈ ವಿವೇಕವು ಸಡಿಲವಾಗುವುದು.

ಎರಡು ನಿಜವಾದ ದುರ್ಮರಣಗಳನ್ನು ತೆಗೆದುಕೊಂಡು ಪರೀಕ್ಷಿಸೋಣ. ಅಮೆರಿಕೆಯ ಮಿಷಿಗನ್ ಪ್ರಾಂತದ ಫ್ಲಾಟ್ ರಾಕ್ ಎಂಬಲ್ಲಿ ಫೋರ್ಡ್ ಕಂಪೆನಿಯ ಎರಕದ ಕಾರ್ಖಾನೆಯಿತ್ತು. ಅಲ್ಲಿ ಕಪಾಟುಗಳಿಂದ ಎರಕಗಳನ್ನು ತೆಗೆದುಕೊಡುವ ರೋಬೋಟಿನ ತೋಳು ತಗುಲಿ, ಇಪ್ಪತ್ತೈದು ವಯಸ್ಸಿನ ಕೆಲಸಗಾರನೊಬ್ಬನು ಮೃತನಾದನು. ಅದು ೧೯೭೯ನೆಯ ಜನವರಿ ೨೫. ಚಾಪೆಕನ ನಾಟಕವು ಪ್ರಾಗಿನಲ್ಲಿ ರಂಗವನ್ನೇರಿ ಅಂದಿಗೆ ಸರಿಯಾಗಿ ಐವತ್ತೆಂಟು ವರ್ಷ. ಯಂತ್ರವು ಬಳಿಸಾರುವಾಗ ಸದ್ದುಮಾಡಿ ಎಚ್ಚರಿಸುವ ಏರ್ಪಾಡೇ ಮೊದಲಾದ ರಕ್ಷಣೆಗಳು ಇರಲಿಲ್ಲವೆಂದು ಮೃತನ ಕುಟುಂಬದವರು ವಾದಿಸಿದರು. ಯಂತ್ರವನ್ನು ಮಾಡಿದ ಲಿಟನ್ ಕಂಪೆನಿಯು ಒಂದು ಕೋಟಿ ಡಾಲರುಗಳನ್ನು ಕೊಡಬೇಕೆಂದು ೧೯೮೩ರಲ್ಲಿ ಪಂಚರ ತೀರ್ಪಾಯಿತು. ಎರಡನೆಯದು ಅರಿಜೋನ ಪ್ರಾಂತದ ಟೆಂಪಿ ನಗರದಲ್ಲಿ ೨೦೧೮ನೆಯ ಮಾರ್ಚ್ ೧೮ರ ರಾತ್ರಿ ನಡೆದುದು. ಊಬರ್ ಕಂಪೆನಿಯವರು ಪರೀಕ್ಷಿಸುತ್ತಿದ್ದ, ತಾನೇ ನಡೆಯುವ ಮೋಟಾರು ಗಾಡಿಯು, ಸೈಕಲನ್ನು ತಳ್ಳಿಕೊಂಡು ರಸ್ತೆಯನ್ನು ದಾಟುತ್ತಿದ್ದ ಹೆಂಗಸಿಗೆ ಬಡಿದು ಆಕೆ ಪ್ರಾಣಬಿಟ್ಟಳು. ಗಾಡಿಯಲ್ಲಿ ಎಚ್ಚರವಾಗಿರಬೇಕೆಂದು ನೇಮಿಸಿದ್ದ ಚಾಲಕಿಯು ದೂರವಾಣಿಯ ಪರದೆಯನ್ನು ನೋಡುತ್ತಿದ್ದಳು. ಸರಕಾರದ ತನಿಖಾ ಮಂಡಲಿಯು ೨೦೧೯ರಲ್ಲಿ ಹೇಳಿದಂತೆ, ಗಾಡಿಯ ಯಂತ್ರವು ಡಿಕ್ಕಿಗೆ ಐದೂವರೆ ಸೆಕೆಂಡಿಗಿಂತ ಸ್ವಲ್ಪ ಮೊದಲೇ ಏನೋ ಒಂದನ್ನು ಕಂಡಿತ್ತು. ಅದು ವಾಹನವೆಂದು ಒಮ್ಮೆ, ಸೈಕಲೆಂದು ಒಮ್ಮೆ, ಬೇರೇನೋ ಎಂದು ಒಮ್ಮೆ ನಿಶ್ಚಯವನ್ನು ಬದಲಾಯಿಸುತ್ತ ಹೋಯಿತು. ಗುರುತು ಮಾಡಿದ ಸ್ಥಳವಲ್ಲದೆ ಬೇರೆಡೆಯಲ್ಲಿಯೂ ಜನರು ರಸ್ತೆಯನ್ನು ದಾಟಬಹುದೆಂಬ ಎಣಿಕೆಯೇ ಅದರ ರಚನೆಯಲ್ಲಿರಲಿಲ್ಲ. ಈ ಎಣಿಕೆಯನ್ನು ಮಾಡದೆ ಹೋದವರು ಮನುಷ್ಯರು, ಯಂತ್ರವಲ್ಲ. ತನಿಖಾ ಮಂಡಲಿಯು ಚಾಲಕಿಯ ಅಲಕ್ಷ್ಯವನ್ನು ಮುಖ್ಯ ಕಾರಣವೆಂದು ಹೇಳಿ, ಕಂಪೆನಿಯ ಸುರಕ್ಷಿತತೆಯ ಏರ್ಪಾಡಿನ ಕೊರತೆಯನ್ನೂ ಪ್ರಾಂತದ ಅಧಿಕಾರಿಗಳ ಮೇಲ್ವಿಚಾರಣೆಯ ಕೊರತೆಯನ್ನೂ ಸಹಕಾರಿ ಕಾರಣಗಳಲ್ಲಿ ಎಣಿಸಿತು. ಆದರೆ ಕಂಪೆನಿಯ ಮೇಲೆ ಅಪರಾಧವನ್ನು ಹೊರಿಸಲು ಆಧಾರವಿಲ್ಲವೆಂದು ಸರಕಾರಿ ವಕೀಲರು ೨೦೧೯ರಲ್ಲಿ ಹೇಳಿಬಿಟ್ಟರು. ಚಾಲಕಿಯು ೨೦೨೩ರಲ್ಲಿ ತಪ್ಪನ್ನು ಒಪ್ಪಿಕೊಂಡು ಮೂರು ವರ್ಷಗಳ ನಿಗಾವಣೆಗೆ ಒಳಗಾದಳು.

ಈ ಎರಡನ್ನೂ ಓದಿದಾಗ ಮನುಸ್ಮೃತಿಯ ಎಂಟನೆಯ ಅಧ್ಯಾಯದ ಒಂದು ಪ್ರಕರಣವು ನೆನಪಿಗೆ ಬರುವುದು. ಆ ಗ್ರಂಥದ ಇತರ ವಿಧಿಗಳನ್ನು ಒಪ್ಪದವರೂ ಇದನ್ನು ನೋಡಬಹುದು. ಇದು ಕೇವಲ ಗಾಡಿಯ ವಿಚಾರ. ಗಾಡಿಯಿಂದ ಹಿಂಸೆಯಾದಾಗ ದಂಡವಿಲ್ಲದ ಹತ್ತು ಸಂದರ್ಭಗಳನ್ನು ಅಲ್ಲಿ ಹೇಳಿದೆ: ಮೂಗುದಾರ ಹರಿದುದು, ನೊಗ ಮುರಿದುದು, ಅಚ್ಚು ಅಥವಾ ಗಾಲಿ ಮುರಿದುದು ಇತ್ಯಾದಿ. ಹತ್ತನೆಯದು, ‘ದೂರ ಸರಿ’ ಎಂದು ನಡೆಸುವವನು ಕೂಗಿ ಎಚ್ಚರಿಸಿದ್ದುದು. ಫ್ಲಾಟ್ ರಾಕಿನ ಯಂತ್ರದಲ್ಲಿ ಇಲ್ಲದೆ ಹೋದುದು ಈ ಕೂಗೇ. ಮುಂದೆ ಹೇಳಿರುವುದು ಇನ್ನೂ ಸೂಕ್ಷ್ಮವಾಗಿದೆ. ಸಾರಥಿಯು ಅಸಮರ್ಥನಾದುದರಿಂದ ಗಾಡಿಯು ದಾರಿತಪ್ಪಿ ಹಿಂಸೆಯಾದರೆ ಅವನನ್ನು ನೇಮಿಸಿದ ಒಡೆಯನಿಗೆ ಇನ್ನೂರು ದಂಡ. ಸಾರಥಿಯು ನುರಿತವನಾಗಿದ್ದರೆ ದಂಡವು ಅವನಿಗೆ. ನುರಿಯದ ಸಾರಥಿಯ ಗಾಡಿಯಲ್ಲಿ ಕುಳಿತವರೆಲ್ಲರಿಗೂ ತಲೆಗೆ ನೂರು. ಸಾರಥಿಯ ಸ್ಥಾನದಲ್ಲಿ ಯಂತ್ರವನ್ನಿಟ್ಟು ಓದಿದರೆ, ಇನ್ನೂ ನುರಿಯದ ಯಂತ್ರವನ್ನು ರಾಜಮಾರ್ಗಕ್ಕೆ ಬಿಟ್ಟ ಒಡೆಯನೇ ಮೊದಲು ದಂಡ್ಯನಾಗುವನು. ಟೆಂಪಿಯಲ್ಲಿ ಆದುದು ಇದರ ವಿಪರೀತ: ಒಡೆಯನು ಬಿಡುಗಡೆಯಾಗಿ, ಗಾಡಿಯಲ್ಲಿ ಕುಳಿತವಳು ಸಿಕ್ಕಿಬಿದ್ದಳು. ಆಕೆಯು ನಿರ್ದೋಷಿಯೆಂದು ನಾವು ಹೇಳುವುದಿಲ್ಲ; ದೋಷವೆಲ್ಲವೂ ಅಲ್ಲಿಯೇ ಇಳಿದುದು ನ್ಯಾಯವೆಂದು ತೋರುವುದಿಲ್ಲ.

ಇಲ್ಲಿ ಪ್ರಬಲವಾದ ಪೂರ್ವಪಕ್ಷವೊಂದುಂಟು. ಹಂಸಯಂತ್ರವು ದಾರವನ್ನು ಅನುಸರಿಸುವುದು. ಇಂದಿನ ಯಂತ್ರವಾದರೋ ಅಸಂಖ್ಯ ಉದಾಹರಣೆಗಳಿಂದ ತಾನೇ ಕಲಿಯುವುದು. ಯಾವ ಸಂದರ್ಭದಲ್ಲಿ ಅದು ಏನು ಮಾಡೀತೆಂಬುದು ಮಾಡಿದವನಿಗೂ ಮುಂಚಿತವಾಗಿ ತಿಳಿಯದು. ತಿಳಿಯದ ಕಾರ್ಯಕ್ಕೆ ಅವನನ್ನು ಹೊಣೆಮಾಡುವುದು ಅನ್ಯಾಯ. ಯಂತ್ರಕ್ಕೆ ಹೊಣೆಯನ್ನು ಹೊರುವ ಯೋಗ್ಯತೆಯಿಲ್ಲ. ಆದುದರಿಂದ ಹೊಣೆಯಲ್ಲಿಯೇ ಒಂದು ಬಿರುಕು ಬಿಟ್ಟಿತು. ಆಂಡ್ರಿಯಾಸ್ ಮಥಿಯಾಸ್ ಎಂಬ ವಿದ್ವಾಂಸನು ೨೦೦೪ರಲ್ಲಿ ಈ ವಾದವನ್ನು ಮಂಡಿಸಿದನು. ರಾಬರ್ಟ್ ಸ್ಪ್ಯಾರೋ ಎಂಬಾತನು ೨೦೦೭ರಲ್ಲಿ ಇಂತಹುದೇ ವಾದವನ್ನು ಯುದ್ಧಯಂತ್ರಗಳಲ್ಲಿ ಹೂಡಿ, ಹೊಣೆಯಾರೆಂದು ಹೇಳಲಾಗದ ಆಯುಧವನ್ನು ಯುದ್ಧದಲ್ಲಿ ಬಳಸುವುದೇ ಅಧರ್ಮವೆಂದು ತೀರ್ಮಾನಿಸಿದನು. ಪೂರ್ವಪಕ್ಷದ ಬಲವನ್ನು ನಾವು ಒಪ್ಪುವೆವು. ಆದರೆ ಅದರಲ್ಲಿ ಎರಡು ಬಗೆಯ ಅಜ್ಞಾನಗಳು ಬೆರೆತುಹೋಗಿವೆ. ನೊಗವು ಮುರಿಯುವುದೆಂದು ಗಾಡಿಯವನಿಗೆ ತಿಳಿದಿರಲಿಲ್ಲ. ಅದು ಕೇವಲ ಅಜ್ಞಾನ, ಕ್ಷಮ್ಯ. ತನ್ನ ಯಂತ್ರದ ನಡೆಯು ತನಗೆ ತಿಳಿಯದೆಂದು ಯಂತ್ರಕಾರನಿಗೆ ಚೆನ್ನಾಗಿ ತಿಳಿದಿದೆ. ಇದು ಅಜ್ಞಾನದ ಜ್ಞಾನ. ತಿಳಿದೂ ತಿಳಿದೂ ಅದನ್ನು ಜನರ ನಡುವೆ ಬಿಟ್ಟರೆ ಅದಕ್ಕೆ ಪ್ರಮಾದವೆಂದು ಹೆಸರು. ಬಿರುಕು ಎಂದು ಕಾಣುವುದು ಈ ಎರಡನ್ನೂ ಒಂದೆಂದು ಹಿಡಿದುದರ ಫಲ.

ಯಂತ್ರಕ್ಕೇ ಒಂದು ವ್ಯಕ್ತಿತ್ವವನ್ನು ಕಲ್ಪಿಸಿ ಹೊಣೆಯನ್ನು ಅದರ ತಲೆಗೆ ಕಟ್ಟಿದರಾಗದೆ ಎಂಬುದು ಮತ್ತೊಂದು ಪಕ್ಷ. ಯುರೋಪಿನ ಪಾರ್ಲಿಮೆಂಟು ೨೦೧೭ನೆಯ ಫೆಬ್ರವರಿ ೧೬ರ ನಿರ್ಣಯದಲ್ಲಿ ‘ವಿದ್ಯುನ್ಮಾನ ವ್ಯಕ್ತಿ’ ಎಂಬ ಕಲ್ಪನೆಯನ್ನು ಪರಿಶೀಲಿಸಬೇಕೆಂದಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಸೌದಿ ಅರೇಬಿಯವು ಸೋಫಿಯ ಎಂಬ ರೋಬೋಟಿಗೆ ಪೌರತ್ವವನ್ನು ಸಾರಿತು. ಇದನ್ನು ಪ್ರದರ್ಶನವೆನ್ನುವುದಕ್ಕಿಂತ ಹೆಚ್ಚಾಗಿ ಏನನ್ನೂ ಹೇಳಬೇಕಾಗಿಲ್ಲ. ಮರುವರ್ಷ ಯುರೋಪಿನ ಬಹುಮಂದಿ ವಿದ್ವಾಂಸರು ಬಹಿರಂಗ ಪತ್ರವನ್ನು ಬರೆದು ಪಾರ್ಲಿಮೆಂಟಿನ ಸೂಚನೆಯನ್ನು ವಿರೋಧಿಸಿದರು. ೨೦೨೦ರಲ್ಲಿ ಅದೇ ಪಾರ್ಲಿಮೆಂಟು ಅಂತಹ ವ್ಯಕ್ತಿತ್ವವು ಅನಾವಶ್ಯಕವೆಂದಿತು. ನಮ್ಮ ದೇಶದವರು ಇಲ್ಲಿ ಒಂದು ದೃಷ್ಟಾಂತವನ್ನು ಎತ್ತಬಹುದು: ದೇವಾಲಯದ ಮೂರ್ತಿಯನ್ನು ನ್ಯಾಯಶಾಸ್ತ್ರವು ವ್ಯಕ್ತಿಯೆಂದು ಗಣಿಸುವುದಷ್ಟೆ, ೧೯೨೫ರಲ್ಲಿ ಪ್ರಿವಿ ಕೌನ್ಸಿಲೂ ಹಾಗೆಯೇ ಹೇಳಿತು. ಆದರೆ ದೃಷ್ಟಾಂತವು ವಿಷಮ. ದೇವರಿಗೆ ಆಸ್ತಿಯುಂಟು, ಅದರ ಲೆಕ್ಕಕ್ಕೆ ಉತ್ತರ ಕೊಡಬೇಕಾದ ಸೇವಾಯಿತನುಂಟು. ಅಲ್ಲಿ ವ್ಯಕ್ತಿತ್ವವನ್ನು ಕಲ್ಪಿಸಿದುದು ಮನುಷ್ಯರು ದೇವಸ್ವವನ್ನು ನುಂಗದಂತೆ ಅವರನ್ನು ಕಟ್ಟಿಹಾಕುವುದಕ್ಕೆ. ಇಲ್ಲಿ ಕಲ್ಪಿಸಹೊರಟುದು ಮನುಷ್ಯರನ್ನು ಬಿಡಿಸುವುದಕ್ಕೆ.

ಅಮೆರಿಕೆಯ ಐಸಾಕ್ ಆಸಿಮೊವನು ೧೯೪೨ರ ಮಾರ್ಚಿನಲ್ಲಿ ಪ್ರಕಟವಾದ ಕಥೆಯಲ್ಲಿ ರೋಬೋಟಿಗೆ ಹಾಕಿದ ಮೂರು ಕಟ್ಟಳೆಗಳು ಲೋಕಪ್ರಸಿದ್ಧವಾಗಿವೆ: ಮನುಷ್ಯನಿಗೆ ಹಾನಿಮಾಡಬಾರದು, ಆಜ್ಞೆಯನ್ನು ಮೀರಬಾರದು, ತನ್ನನ್ನು ತಾನು ಕಾಪಾಡಿಕೊಳ್ಳಬೇಕು, ಮೊದಲು ಹೇಳಿದುದಕ್ಕೆ ನಂತರದ್ದು ವಿರುದ್ಧವಾಗಕೂಡದು. ಮೀಮಾಂಸಕರು ಇದನ್ನು ಕೇಳಿದ್ದರೆ, ಈ ವಿಧಿನಿಷೇಧಗಳಿಗೆ ಅಧಿಕಾರಿ ಯಾರೆಂದು ಮೊದಲು ಕೇಳುತ್ತಿದ್ದರು. ವಾಕ್ಯವನ್ನು ತಿಳಿದು, ಫಲವನ್ನು ಬಯಸಿ, ಮಾಡಲೂ ಬಿಡಲೂ ಶಕ್ತನಾದವನಿಗೆ ವಿಧಿ. ಬಯಕೆಯಿಲ್ಲದುದಕ್ಕೆ ವಿಧಿಯಿಲ್ಲ, ಅದಕ್ಕಿರುವುದು ರಚನೆ ಮಾತ್ರ. ಆದುದರಿಂದ ಕಟ್ಟಳೆಯನ್ನು ಯಂತ್ರಕ್ಕಲ್ಲ, ಮಾಡುವವನಿಗೆ ಹಾಕಬೇಕು. ಬ್ರಿಟನ್ನಿನ ಸಂಶೋಧನ ಮಂಡಲಿಗಳು ೨೦೧೦ರಲ್ಲಿ ಸೇರಿಸಿದ ವಿದ್ವದ್ಗೋಷ್ಠಿಯು ಹಾಗೆಯೇ ಮಾಡಿತು: ರೋಬೋಟು ಉಪಕರಣ, ಹೊಣೆ ಮನುಷ್ಯನದು, ಯಾರು ಹೊಣೆಯೆಂಬುದು ಪ್ರತಿಯೊಂದು ರೋಬೋಟಿನ ವಿಷಯದಲ್ಲಿಯೂ ತಿಳಿಯುವಂತಿರಬೇಕು ಎಂಬುದು ಅದರ ನಿಯಮಗಳ ಸಾರ. ಯುದ್ಧಯಂತ್ರಗಳ ವಿಷಯದಲ್ಲಿ ಮಾತ್ರ ರಾಷ್ಟ್ರಗಳಿಗೆ ಇನ್ನೂ ಒಮ್ಮತವಿಲ್ಲ. ತಾನೇ ಗುರಿಯನ್ನು ಆರಿಸಿಕೊಂಡು ಕೊಲ್ಲುವ ಆಯುಧಗಳ ಬಗ್ಗೆ ಸಂಯುಕ್ತ ರಾಷ್ಟ್ರಗಳ ಮಹಾಸಭೆಯು ೨೦೨೩ರ ಡಿಸೆಂಬರಿನಲ್ಲಿ ಕಳವಳವನ್ನು ಸೂಚಿಸಿ ನಿರ್ಣಯ ಮಾಡಿತು. ಭಾರತವು ಅದಕ್ಕೆ ವಿರುದ್ಧವಾಗಿ ಮತವಿತ್ತಿತು. ಜಿನೀವದಲ್ಲಿ ನಡೆಯುತ್ತ ಬಂದ ಚರ್ಚೆಯೇ ಯುಕ್ತವಾದ ಸ್ಥಾನವೆಂಬುದು ಅದರ ನಿಲುವು.

ಹಿಂಸೆಯ ಪ್ರಶ್ನೆಗಿಂತ ಬೇರೆಯಾದ, ಸಾಹಿತ್ಯಾಧ್ಯಾಪಕರಿಗೆ ಹೆಚ್ಚು ಹತ್ತಿರವಾದ ಪ್ರಶ್ನೆಯೊಂದಿದೆ. ಜಪಾನಿನ ಶಿಬಾತ ತಕನೊರಿ ಎಂಬ ವಿಜ್ಞಾನಿಯು ‘ಪಾರೊ’ ಎಂಬ ರೋಬೋಟನ್ನು ನಿರ್ಮಿಸಿರುವನು. ಕಡಲುನಾಯಿಯ ಬಿಳಿಯ ಮರಿಯಂತೆ ಅದರ ರೂಪ. ಮೈದಡವಿದರೆ ತಲೆಯೆತ್ತಿ ಕಣ್ಣುಮಿಟುಕಿಸಿ ದನಿಗೈಯುವುದು. ಮರೆವಿನ ರೋಗದಿಂದ ನರಳುವ ವೃದ್ಧರ ಮಡಿಲಲ್ಲಿ ಇದನ್ನಿಡುವರು. ಅವರು ಸಮಾಧಾನವನ್ನು ಹೊಂದುವರು. ಇದು ವಂಚನೆಯೋ ಉಪಚಾರವೋ ಎಂದು ವಿವಾದ. ನಟನನ್ನು ಕಂಡು ‘ಇವನು ರಾಮ’ ಎಂದು ಸಹೃದಯನಿಗೆ ಬರುವ ಪ್ರತೀತಿಯು ನಿಶ್ಚಯವೂ ಅಲ್ಲ, ಭ್ರಾಂತಿಯೂ ಅಲ್ಲ, ಸಂಶಯವೂ ಅಲ್ಲ, ಸಾದೃಶ್ಯವೂ ಅಲ್ಲ. ಚಿತ್ರದ ಕುದುರೆಯನ್ನು ಕುದುರೆಯೆಂದಂತೆ ಎಂದು ಶಂಕುಕನು ಹೇಳಿದನು. ಬೊಂಬೆಯನ್ನು ಜೋಗುಳವಾಡಿ ಮಲಗಿಸುವ ಹುಡುಗಿಯದೂ ಇದೇ ಬಗೆಯ ಪ್ರತೀತಿ. ಅಲ್ಲಿ ವಂಚನೆಯಿಲ್ಲ, ಏಕೆಂದರೆ ‘ಇದು ಬೊಂಬೆ’ ಎಂಬ ಅರಿವು ಒಳಗೆ ಉಳಿದಿದ್ದು, ಬೇಕಾದಾಗ ಅದನ್ನು ಮೇಲಕ್ಕೆ ತರಬಹುದು. ಮರೆವಿನ ರೋಗಿಗಾದರೋ ಆ ಅರಿವೇ ಕುಗ್ಗಿದೆ. ಚಿತ್ರತುರಗವು ಅವರ ಪಾಲಿಗೆ ದಿಟದ ಕುದುರೆಯಾದೀತು. ಆಹಾರ್ಯವಾದ ಪ್ರತೀತಿಯು ಭ್ರಾಂತಿಯಾಗಿ ಇಳಿಯುವುದು. ಆದುದರಿಂದ ಒಂದೇ ಯಂತ್ರವು ಒಬ್ಬರ ಮಡಿಲಲ್ಲಿ ವಿನೋದ, ಮತ್ತೊಬ್ಬರ ಮಡಿಲಲ್ಲಿ ಭ್ರಾಂತಿ. ಭ್ರಾಂತಿಯು ಸುಖಕರವಾಗಿದ್ದರೆ ತಪ್ಪೇನೆಂದು ಕೇಳುವವರಿಗೆ ಥಟ್ಟನೆ ಉತ್ತರ ಕೊಡುವುದು ಸುಲಭವಲ್ಲ. ಆ ಮಡಿಲ ಬಳಿಯಲ್ಲಿ ಮಗನೋ ಸೊಸೆಯೋ ದಾದಿಯೋ ಕುಳಿತಿರುವರೆ, ಇಲ್ಲವೆ ಯಂತ್ರವನ್ನಿಟ್ಟು ಎದ್ದುಹೋದರೆ ಎಂಬುದನ್ನು ನೋಡಿ ಹೇಳಬೇಕಾಗುವುದು. ಒಪ್ಪಿಸಿ ಕೈತೆಗೆಯುವುದೆಂದು ನಾವು ಹೇಳಿದ ಲಕ್ಷಣವು ಇಲ್ಲಿ ಅತ್ಯಂತ ಕಠೋರವಾಗಿ ತೋರುವುದು.

ಇಷ್ಟರಿಂದ ರೋಬೋಟೇ ಬೇಡವೆಂಬುದು ನಮ್ಮ ಪಕ್ಷವೆಂದು ಯಾರೂ ಭಾವಿಸಬಾರದು. ಬಿಟ್ಟಿಯನ್ನು ನಮ್ಮ ಸಂವಿಧಾನವು ತನ್ನ ೨೩ನೆಯ ವಿಧಿಯಲ್ಲಿ ನಿಷೇಧಿಸಿದೆ. ಜೀತವನ್ನು ೧೯೭೬ರ ಶಾಸನವು ರದ್ದುಮಾಡಿತು. ಮಲವನ್ನು ಕೈಯಿಂದ ಬಳಿಸುವುದನ್ನು ೨೦೧೩ರ ಶಾಸನವು ದಂಡನೀಯವಾಗಿ ಮಾಡಿತು. ಆದರೂ ಒಳಚರಂಡಿಯ ಗುಂಡಿಗಳಲ್ಲಿ ಇಳಿದ ಮನುಷ್ಯರು ವಿಷವಾಯುವಿನಿಂದ ಸಾಯುತ್ತಿರುವುದು ನಿಂತಿಲ್ಲ. ೨೦೧೮ರಲ್ಲಿ ತಿರುವನಂತಪುರದಲ್ಲಿ, ಕೇರಳದ ತರುಣರು ನಿರ್ಮಿಸಿದ ‘ಬ್ಯಾಂಡಿಕೂಟ್’ ಎಂಬ ರೋಬೋಟು ಆ ಗುಂಡಿಗೆ ಇಳಿಯಿತು. ಹೆಸರಿನ ಅರ್ಥ ಹೆಗ್ಗಣ. ಮನುಷ್ಯರಿಂದ ಮಾಡಿಸಕೂಡದ ಕೆಲಸವನ್ನು ಯಂತ್ರಕ್ಕೆ ಒಪ್ಪಿಸಿದ ನಿದರ್ಶನಗಳಲ್ಲಿ ಇದಕ್ಕಿಂತ ಶುದ್ಧವಾದುದನ್ನು ನಾವು ಕಾಣೆವು. ಚಾಪೆಕನ ಶಬ್ದವು ತನ್ನ ಮೂಲಾರ್ಥದ ಋಣವನ್ನು ಇಲ್ಲಿ ತೀರಿಸಿತೆನ್ನಬಹುದು. ಇಳಿಯುತ್ತಿದ್ದವನನ್ನು ಯಂತ್ರದ ಚಾಲಕನನ್ನಾಗಿ ಮಾಡಿದರೋ, ಮನೆಗೆ ಕಳುಹಿಸಿದರೋ ಎಂಬುದನ್ನು ಪುರಸಭೆಗಳು ಹೇಳಬೇಕು, ಯಂತ್ರವು ಹೇಳಲಾರದು.

ಕನ್ನಡದಲ್ಲಿ ಬರೆಯುವವರಿಗೆ ಸಂಬಂಧಿಸಿದ ಒಂದು ಮಾತು ಉಳಿದಿದೆ. ಸಂಸ್ಕೃತದಲ್ಲಿ ಲಿಂಗವು ಬಹುಮಟ್ಟಿಗೆ ಶಬ್ದಕ್ಕೆ ಸೇರಿದುದು. ಹೆಂಡತಿಯೆಂಬರ್ಥದ ‘ದಾರ’ ಶಬ್ದವು ಪುಲ್ಲಿಂಗ, ‘ಕಲತ್ರ’ವು ನಪುಂಸಕ. ಕನ್ನಡದಲ್ಲಿ ಲಿಂಗವು ಅರ್ಥವನ್ನು ಅನುಸರಿಸುವುದು. ಆದುದರಿಂದ ಕ್ರಿಯಾಪದವನ್ನು ಮುಗಿಸುವಾಗಲೇ ‘ಮಾಡಿದನು’, ‘ಮಾಡಿದಳು’, ‘ಮಾಡಿತು’ ಎಂಬುವುಗಳಲ್ಲಿ ಒಂದನ್ನು ಆರಿಸಿ, ಮಾಡಿದುದು ಮನುಷ್ಯವರ್ಗಕ್ಕೆ ಸೇರಿದುದೋ ಅಲ್ಲವೋ ಎಂದು ನಾವು ತೀರ್ಪು ಕೊಟ್ಟಂತಾಗುವುದು, ತಪ್ಪಿಸಿಕೊಳ್ಳಲು ಎಡೆಯಿಲ್ಲ. ‘ಯಂತ್ರಮಾನವ’ ಎಂದು ಬರೆದೊಡನೆ ಉತ್ತರಪದದ ಬಲದಿಂದ ‘ಮಾಡಿದನು’ ಎಂಬುದು ತಾನಾಗಿ ಬರುವುದು. ಸೋಫಿಯ ಎಂದರೆ ‘ಹೇಳಿದಳು’ ಎಂದು ಬರುವುದು. ‘ಪುರುಷವ್ಯಾಘ್ರ’ ಎಂದಾಗ ಪುರುಷನಿಗೆ ಬಾಲವನ್ನು ಯಾರೂ ಹುಡುಕುವುದಿಲ್ಲವಷ್ಟೆ, ಇದೂ ಉಪಮಾನವೇ ಎಂದು ಕೆಲವರು ಸಮಾಧಾನ ಹೇಳುವರು. ಅಲ್ಲಿ ಉಪಮೆಯೆಂಬ ಅರಿವು ಕಳೆದುಹೋಗುವ ಭಯವಿಲ್ಲ, ಇಲ್ಲಿ ಇದೆ. ಮಗುವನ್ನೂ ಹಸುವನ್ನೂ ನಾವು ‘ಬಂದಿತು’ ಎಂದೇ ಹೇಳುವೆವು. ಅದರಿಂದ ಅವುಗಳ ಮೇಲಿನ ಕರುಣೆಗೆ ಕೊರತೆಯಾಗಲಿಲ್ಲ. ಆದುದರಿಂದ ನಪುಂಸಕವು ತಿರಸ್ಕಾರವೆಂಬ ಶಂಕೆಗೆ ಕಾರಣವಿಲ್ಲ. ಪಠ್ಯಪುಸ್ತಕಗಳನ್ನು ಬರೆಯುವವರು ‘ಯಂತ್ರಮಾನವನು’ ಎಂಬುದನ್ನು ಬಿಟ್ಟು, ಪರಭಾಷೆಯದಾದರೂ ‘ರೋಬೋಟು’ ಎಂಬುದನ್ನೇ ಇಟ್ಟುಕೊಂಡು, ‘ರೋಬೋಟು ಎತ್ತಿತು’, ‘ಇಂಥವರು ರೋಬೋಟಿನಿಂದ ಎತ್ತಿಸಿದರು’ ಎಂದು ಸಂದರ್ಭಾನುಸಾರವಾಗಿ ಬರೆಯುವುದು ಮೇಲು. ಪ್ರೇರಣಾರ್ಥಕದ ‘ಇಸು’ ಪ್ರತ್ಯಯವು ನಮ್ಮ ಭಾಷೆಯಲ್ಲಿ ಎಲ್ಲ ಧಾತುಗಳಿಗೂ ಸುಲಭವಾಗಿ ಹತ್ತುವುದು. ಮಾಡಿಸಿದವರ ಹೆಸರನ್ನು ಹೇಳಲು ಅದೊಂದೇ ಅಕ್ಷರದ ಖರ್ಚು.